ಮುಖ ಇಲ್ಲದ ವೀರ (ಕಲ್ಲು-ಕ್ಯಾಮೆರಾ ಸರಣಿ, ಭಾಗ 4)

ಭಾಗ 3ರ ಕೆಳಗೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಫೋಟೋದಿಂದ 3ಡಿ ಮಾಡೋಕೆ ಈಗ ಒಂದು ನಿಮಿಷ ಸಾಕಲ್ವಾ? ನಿನಗ್ಯಾಕೆ ಮೂರು ವಾರ?" ಉತ್ತರ ಸ್ವಲ್ಪ ಉದ್ದ ಇದೆ, ಕಾಫಿ ಹಿಡ್ಕೊಂಡು ಓದಿ.

ಹೊಸಬರಿಗೆ ಹಿಂದಿನ ಕಥೆ: ನಮ್ಮಜ್ಜಿ ಊರಲ್ಲಿ ರಸ್ತೆ ಪಕ್ಕ, ಹುಣಸೆಮರದ ಕೆಳಗೆ ಒಂದು ವೀರಗಲ್ಲು ಇದೆ. ನೆಲದಿಂದ ಮೇಲೆ 120 ಸೆಂ.ಮೀ. ಮೂರು ಪಟ್ಟಿಕೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನ ಕರ್ಕೊಂಡು ಹೋಗ್ತಿರೋ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಪಟ್ಟಿಕೆಗಳ ಮಧ್ಯೆ ಸವೆದ ಒಂದು ಸಾಲು ಅಕ್ಷರ. ಈಗ ರಸ್ತೆ ಅಗಲ ಮಾಡ್ತಿದಾರೆ. ಕಲ್ಲನ್ನ ಕಿತ್ತು ಬೇರೆ ಕಡೆ ನಿಲ್ಲಿಸ್ತಾರಂತೆ. ಜೆಸಿಬಿ ಹಲ್ಲಿಗೆ ಅಪ್ಸರೆ ಯಾರು, ಮಣ್ಣು ಯಾವುದು ಗೊತ್ತಾಗಲ್ಲ. ಅಷ್ಟರೊಳಗೆ ಊರ ಶಾಲೆಗೆ ಕೈಯಲ್ಲಿ ಹಿಡಿದು ನೋಡೋ ಥರ ಒಂದು ಸರಿಯಾದ ಪ್ರತಿ ಮಾಡಿಕೊಡಬೇಕು ಅಂತ ನಾನು, ಕ್ಲಾಸಿನ ಇನ್ನಿಬ್ಬರು ಹೊರಟಿದ್ದು.

ವಿಧಾನ ಸರಳ. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಹಾಕಿ ನೋಡಿ, ತಪ್ಪುತ್ತೆ. ಎರಡು ಕಣ್ಣು ಎರಡು ಜಾಗದಿಂದ ನೋಡಿದಾಗಲೇ ದೂರ ಸರಿಯಾಗಿ ಸಿಗೋದು. ಇಲ್ಲೂ ಅದೇ: ಕಲ್ಲಿನ ಪ್ರತಿ ಚುಕ್ಕೆ ಕನಿಷ್ಠ ಎರಡು-ಮೂರು ಫೋಟೋದಲ್ಲಿ ಬೇರೆ ಬೇರೆ ಕಡೆಯಿಂದ ಕಾಣಬೇಕು. ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನದರಲ್ಲೂ ಇರಬೇಕು. ನಾವು ಮೋಡ ಕವಿದ ಬೆಳಗ್ಗೆ 214 ಫೋಟೋ ತೆಗೆದ್ವಿ. ಜೂಮ್ ಇಲ್ಲ, ಫ್ಲಾಶ್ ಇಲ್ಲ, ಫೋಕಸ್ ಲಾಕ್. ಬಿಸಿಲಿದ್ದರೆ ನೆರಳು ಜಾಗ ಬದಲಿಸುತ್ತೆ. ಎಣ್ಣೆ ಹಚ್ಚಿದ ಕಲ್ಲಾದರೆ ಹೊಳಪು ನಮ್ಮ ಜೊತೆನೇ ನಡೆಯುತ್ತೆ, ಸಾಫ್ಟ್‌ವೇರ್ ಅದನ್ನೇ ಉಬ್ಬು ಅಂದ್ಕೊಂಡುಬಿಡುತ್ತೆ. ಅದಕ್ಕೇ ಅಜ್ಜಿ ಹತ್ರ ಕೇಳ್ಕೊಂಡು ಎರಡು ವಾರ ಎಣ್ಣೆ ನಿಲ್ಲಿಸಿದ್ವಿ. "ಹೂವು ಇಟ್ರೆ ಸಾಕು, ಅವನೇನು ಬೇಜಾರು ಮಾಡ್ಕೊಳಲ್ಲ" ಅಂದ್ರು.

ಈ ಐಡಿಯಾ ಫೋನ್ ಕಾಲದ್ದಲ್ಲ ಕಣ್ರಪ್ಪ. 1858ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಕೆಥೆಡ್ರಲ್ ಅಳೆಯುವಾಗ ಆಲ್ಬ್ರೆಖ್ಟ್ ಮೈಡೆನ್‌ಬಾವರ್ ಅನ್ನೋ ಯುವಕ ಮೇಲಿಂದ ಬೀಳೋದು ಸ್ವಲ್ಪದರಲ್ಲಿ ತಪ್ಪಿತು. ಹತ್ತಿ ಅಳೆಯೋ ಬದಲು ಫೋಟೋದಿಂದಲೇ ಅಳೆಯಬಾರದೇಕೆ ಅಂತ ಅವನು ಯೋಚನೆ ಮಾಡಿದ. ಫೋಟೋಗ್ರಾಮೆಟ್ರಿ ಅನ್ನೋ ಹೆಸರನ್ನ ಬಳಕೆಗೆ ತಂದಿದ್ದೂ ಅವನೇ.

ಆದರೆ ಫೋಟೋಗೆ ಆಕಾರ ಗೊತ್ತು, ಸೈಜ್ ಗೊತ್ತಿಲ್ಲ. ಬೆಣ್ಣೆಮುದ್ದೆ ಕೃಷ್ಣನೂ ಗೊಮ್ಮಟನೂ ಅದಕ್ಕೆ ಒಂದೇ ಎತ್ತರ. ಹಾಗಾಗಿ ಕಲ್ಲಿನ ಪಕ್ಕ ಎರಡು ಸ್ಟೀಲ್ ಸ್ಕೇಲ್ ಇಟ್ಟಿದ್ವಿ. ಒಂದರಿಂದ ಮಾಡೆಲ್‌ಗೆ ಅಳತೆ ಕೊಟ್ಟು, ಎರಡನೇದನ್ನ ಪರೀಕ್ಷೆಗೆ ಬಿಟ್ವಿ. 300 ಮಿ.ಮೀ. ಇರಬೇಕಾದ್ದು 299.6 ಬಂತು. ಮೂರನೇ ಸ್ಲೈಡ್‌ನಲ್ಲಿ ನಾವು ಮೂವರೂ ಕುಣೀತಿರೋದು ಅದಕ್ಕೇ.

ಈಗ ಅಸಲಿ ವಿಷಯ.

ಸ್ಕ್ರೀನ್ ಮೇಲೆ ಮಾಡೆಲ್ ಬಂದಾಗ ಎಲ್ಲರೂ "ಸೂಪರ್" ಅಂದ್ರು. ಯಾಕಂದ್ರೆ ಅದರ ಮೇಲೆ ಫೋಟೋದ ಬಣ್ಣ ಹೊದಿಸಿರುತ್ತೆ. ಬಣ್ಣ ತೆಗೆದು ಬರೀ ಬೂದು ಆಕಾರ ನೋಡಿದ್ವಿ (ಐದನೇ ಸ್ಲೈಡ್). ವೀರನಿಗೆ ಮುಖವೇ ಇಲ್ಲ. ನಾವು ಕಣ್ಣು ಅಂದ್ಕೊಂಡಿದ್ದು ಕುಂಕುಮ, ಮೀಸೆ ಅಂದ್ಕೊಂಡಿದ್ದು ಎಣ್ಣೆಯ ಹಳೇ ಕಲೆ. ಕಲ್ಲಲ್ಲಿ ಇರೋದು ಹೆಬ್ಬೆರಳಿನಷ್ಟು ನುಣ್ಣನೆ ಗುಂಡು ಮಾತ್ರ. ಬಣ್ಣ ಕಣ್ಣಿಗೆ ಸುಳ್ಳು ಹೇಳಬಹುದು, ಆದರೆ ನಾವು ಬಳಸೋ ಪ್ರಿಂಟರ್‌ಗೆ ಬಣ್ಣವೇ ಇಲ್ಲ. ಅದಕ್ಕೆ ಬೇಕಿರೋದು ಆಕಾರ.

ಅದೇ ವಾರ ಊರಿನ ಒಬ್ಬ ಹುಡುಗ ಒಂದೇ ಫೋಟೋ ಹಾಕಿ, ಎಐ ಆ್ಯಪ್‌ನಲ್ಲಿ ನಿಮಿಷದೊಳಗೆ ಮಾಡೆಲ್ ತೆಗೆದ. ಅಬ್ಬಾ! ಚೂಪು ಮೂಗು, ತಿರುವಿದ ಮೀಸೆ, ಕೈಯಲ್ಲಿ ಉದ್ದ ಕತ್ತಿ. ಕಲ್ಲಲ್ಲಿ ಅವನ ಕೈಲಿರೋದು ಬಿಲ್ಲು. ಯುವಕ ಸಂಘದವರಿಗೆ ಇದೇ ಇಷ್ಟ ಆಯ್ತು. "ಶಾಲೆಗೆ ಕೊಡೋದಲ್ವಾ, ಚೆನ್ನಾಗಿ ಕಾಣೋದನ್ನೇ ಕೊಡೋಣ" ಅಂದ್ರು. ಅವರ ಪ್ರೀತಿ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಯೋಚನೆ ಮಾಡಿ: ನಾಳೆ ಕಲ್ಲಿಗೆ ಏನಾದ್ರೂ ಆದ್ರೆ, ಉಳಿಯೋದು ಶಾಲೆಯ ಕಪಾಟಲ್ಲಿರೋ ಪ್ಲಾಸ್ಟಿಕ್. ಹತ್ತು ವರ್ಷ ಆದ್ಮೇಲೆ ಅದೇ ಸಾಕ್ಷಿ. ಆಗ ಬಿಲ್ಲುಗಾರ ಕತ್ತಿವೀರ ಆಗ್ಬಿಟ್ಟಿರ್ತಾನೆ. ಪ್ರಾಣ ಕೊಟ್ಟವನ ಕಥೆನ ನಾವು ಬದಲಾಯಿಸಿದ ಹಾಗೆ.

ಬಾಮಿಯಾನ್ ಬುದ್ಧ ನೆನಪಾಯ್ತು. ಆಫ್ಘಾನಿಸ್ತಾನದ ಆ ದೊಡ್ಡ ವಿಗ್ರಹಗಳನ್ನ 2001ರ ಮಾರ್ಚ್‌ನಲ್ಲಿ ಸ್ಫೋಟಿಸಿದ್ರು. ಆಮೇಲೆ ಜ್ಯೂರಿಕ್‌ನ ಇಟಿಎಚ್‌ನಲ್ಲಿ ಆರ್ಮಿನ್ ಗ್ರೂನ್ ತಂಡ ದೊಡ್ಡ ಬುದ್ಧನ 3ಡಿ ಮಾಡೆಲ್ ಕಟ್ಟಿತು. ಅವರಿಗೆ ನಿಜವಾಗಿ ಕೈಹಿಡಿದದ್ದು ರಾಬರ್ಟ್ ಕೋಸ್ಟ್‌ಕಾ 1970ರಲ್ಲಿ ಅಳತೆಗೆಂದೇ ತೆಗೆದಿಟ್ಟಿದ್ದ ಕೆಲವೇ ಫೋಟೋಗಳು. ಆ ಬುದ್ಧನ ಮುಖದ ಮೇಲ್ಭಾಗ ಸ್ಫೋಟಕ್ಕೆ ಎಷ್ಟೋ ಮೊದಲೇ ಹೋಗಿತ್ತು. ಫೋಟೋದಲ್ಲಿ ಇಲ್ಲದ್ದು ಆ ಮಾಡೆಲ್‌ನಲ್ಲೂ ಇಲ್ಲ. ಇಲ್ಲದ್ದನ್ನ ಇಲ್ಲ ಅಂತ ಬಿಡೋದೂ ಅಳತೆಯ ಭಾಗವೇ.

ಪ್ರಿಂಟ್‌ಗೆ ಬಂದ್ರೆ ಇನ್ನೊಂದು ಲೆಕ್ಕ. 120 ಸೆಂ.ಮೀ. ಕಲ್ಲನ್ನ 15 ಸೆಂ.ಮೀ. ಮಾಡಿದ್ರೆ 1:8. ಕಲ್ಲಲ್ಲಿ 3 ಮಿ.ಮೀ. ಆಳದ ಅಕ್ಷರ ಪ್ರಿಂಟ್‌ನಲ್ಲಿ 0.4 ಮಿ.ಮೀ. ಕೂಡ ಇರಲ್ಲ. ನಮ್ಮ ಕಾಲೇಜ್ ಪ್ರಿಂಟರ್ ಮೂತಿಯ ರಂಧ್ರವೇ 0.4! ಅಕ್ಷರ ಬರೀ ಗೀರಾಗುತ್ತೆ. ಆಳ ಜಾಸ್ತಿ ಮಾಡೋಕೆ ಒಂದು ಬಟನ್ ಸಾಕು, ಆದರೆ ಮುಟ್ಟಲಿಲ್ಲ. ಬದಲಿಗೆ ಅಕ್ಷರದ ಸಾಲಿನ ಒಂದು ತುಂಡನ್ನ ಬೇರೆಯಾಗಿ 1:2ರಲ್ಲಿ ಪ್ರಿಂಟ್ ಮಾಡಿದ್ವಿ. ಈಗ ಬೆರಳಿಗೆ ಸಿಗುತ್ತೆ.

ಪ್ರಿಂಟ್ ಆಗಬೇಕಂದ್ರೆ ಮಾಡೆಲ್ ನೀರು ಸೋರದ ಕೊಡದ ಥರ ಎಲ್ಲಾ ಕಡೆ ಮುಚ್ಚಿರಬೇಕು. ಕಲ್ಲಿನ ಬೆನ್ನು ಗೋಡೆಗೆ ಒರಗಿದೆ, ಬುಡ ಮಣ್ಣಲ್ಲಿದೆ. ಕ್ಯಾಮೆರಾ ಅವನ್ನ ನೋಡೇ ಇಲ್ಲ. ಅಲ್ಲಿ ಕಲ್ಲಿನ ಒರಟು ಮೇಲ್ಮೈ ಸೃಷ್ಟಿಸೋ ಬದಲು ಚಪ್ಪಟೆಯಾಗಿ ಮುಚ್ಚಿ, "ಈ ಭಾಗ ನೋಡಿಲ್ಲ" ಅಂತ ಕೆತ್ತಿದ್ವಿ.

ಮೊದಲ ಪ್ರಿಂಟ್ ಅಜ್ಜಿ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಳ್ಳದೆ ಬೆರಳಾಡಿಸಿದ್ರು. ಆ ನುಣ್ಣನೆ ಗುಂಡಿನ ಹತ್ರ ಬೆರಳು ನಿಂತ್ಕೊಂತು. "ಇವನೇ. ನಾನು ಮದುವೆಯಾಗಿ ಬಂದಾಗ್ಲೂ ಹಿಂಗೇ ಇದ್ದ" ಅಂದ್ರು. ಸಂಘದವರು ಪಕ್ಕದಲ್ಲೇ ಇದ್ರು, ಏನೂ ಹೇಳಲಿಲ್ಲ. ಮೀಸೆ ಇರೋ ಮಾಡೆಲ್ ಅವರ ಆಫೀಸಲ್ಲಿ ಇನ್ನೂ ಇದೆ. ಅದರ ಕೆಳಗೆ "ಕಲ್ಪನೆ" ಅಂತ ಚೀಟಿ ಅಂಟಿಸೋಕೆ ಒಪ್ಪಿದಾರೆ. ಸದ್ಯಕ್ಕೆ ಅಷ್ಟು ಸಾಕು.

ನಿಮ್ಮೂರಲ್ಲೂ ಇಂಥ ಕಲ್ಲು ಇದ್ರೆ: ಮೊದಲು ಪೂಜೆ ಮಾಡೋರನ್ನ ಕೇಳಿ. ಮೋಡದ ದಿನ ಹೋಗಿ. ಎರಡು ಸ್ಕೇಲ್ ಇಡಿ. ಮೂಲ ಫೋಟೋ ಯಾವುದನ್ನೂ ಡಿಲೀಟ್ ಮಾಡಬೇಡಿ, ಎಲ್ಲಾ ಕೆಲಸ ಮುಗಿದ ಮೇಲೂ. ಮೆಶ್‌ರೂಮ್, ಬ್ಲೆಂಡರ್ ಎರಡೂ ಫ್ರೀ.

ಭಾಗ 5ರಲ್ಲಿ ಆ ಅಕ್ಷರದ ಸಾಲು. ಬದಿಯಿಂದ ಬೆಳಕು ಬಿಟ್ಟು ಓದೋಕೆ ನೋಡ್ತಿದೀವಿ. ಹಳಗನ್ನಡ ಲಿಪಿ ಬರೋರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಪ್ಲೀಸ್.

#ವೀರಗಲ್ಲು #ಕಲ್ಲುಕ್ಯಾಮೆರಾ #ಫೋಟೋಗ್ರಾಮೆಟ್ರಿ