ಹಿಂಬಡ್ತಿಯಿಲ್ಲದ ಸೋಲು

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣಕ್ಕೆ ಸಮೀಪದ ಬೀದಿಯೊಂದರಲ್ಲಿ ನಾವು ನಾಲ್ಕು ಕನ್ನಡ ಮನೆಗಳವರು ಬಹುಕಾಲದಿಂದ ನೆರೆಹೊರೆಯಾಗಿದ್ದೇವೆ. ಭಾನುವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಏನನ್ನಾದರೂ ಓದುವುದು ನಮ್ಮ ರೂಢಿ. ಮೊದಲೆಲ್ಲ ವಿಮಾನ ಇಳಿಯುವಾಗ ಓದುವವರು ಅರ್ಧ ನಿಮಿಷ ನಿಲ್ಲಿಸಬೇಕಾಗುತ್ತಿತ್ತು. 2008ರ ಮಾರ್ಚ್‌ನಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ಶಂಷಾಬಾದಿಗೆ ಹೋದ ಮೇಲೆ ಆ ವಿರಾಮವೂ ಹೋಯಿತು. ಒಂದೂರಿನಿಂದ ಒಂದು ವಸ್ತು ಎದ್ದುಹೋದರೆ ಮೊದಲು ತಿಳಿಯುವುದು ಸದ್ದಿನಲ್ಲಿ ಎಂಬುದನ್ನು ಅಂದೇ ಕಲಿತಿದ್ದೆವು. ಆ ಪಾಠ ಎರಡನೆಯ ಬಾರಿ ನಮಗೆ ಬಂದದ್ದು ಫುಟ್‌ಬಾಲಿನಿಂದ.

2023ರ ಚಳಿಗಾಲದ ಒಂದು ರಾತ್ರಿ. ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣದಲ್ಲಿ ಹೈದರಾಬಾದ್ ಎಫ್‌ಸಿ ಮತ್ತೊಮ್ಮೆ ಸೋತಿತ್ತು. ರಾಯದುರ್ಗದಿಂದ ಮೆಟ್ರೊ ಹಿಡಿದು ಮರಳುತ್ತಿದ್ದೆವು. ನಮ್ಮೊಡನೆ ಎಂಬತ್ತರ ಹತ್ತಿರದ ಕಾಕಾ ಇದ್ದರು. ಕಲಬುರಗಿ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಬಹಳ ಹೊತ್ತು ಮೌನವಾಗಿದ್ದವರು ಒಮ್ಮೆಲೇ ಕೇಳಿದರು: "ಹಿಂಗ ಸೋಲ್ತಾ ಹೋದ್ರ ಏನಾಗ್ತದ್ರಪಾ?"

ನಾವು ತಿಳಿದಷ್ಟು ಹೇಳಿದೆವು. ಇಂಗ್ಲೆಂಡಿನಲ್ಲಾದರೆ ಅಗ್ರ ಲೀಗಿನ ಕೊನೆಯ ಮೂರು ತಂಡಗಳನ್ನು ವರ್ಷವರ್ಷವೂ ಕೆಳಗಿನ ದರ್ಜೆಗೆ ಇಳಿಸುತ್ತಾರೆ. ಆದ್ದರಿಂದಲೇ ಅಲ್ಲಿ ಪಟ್ಟಿಯ ತುದಿಯಲ್ಲಿ ನಡೆಯುವಷ್ಟೇ ಘೋರವಾದ ಹೋರಾಟ ಅದರ ಬುಡದಲ್ಲೂ ನಡೆಯುತ್ತದೆ. "ಅಂದ್ರ ಹಿಂಬಡ್ತಿ," ಎಂದರು ಕಾಕಾ. ಕಚೇರಿಯ ಮಾತು ಅವರಿಗೆ ಬೇಗ ಒಗ್ಗಿತು. "ನಮ್ಮಲ್ಲಿ?" ನಮ್ಮ ಇಂಡಿಯನ್ ಸೂಪರ್ ಲೀಗಿನಲ್ಲಿ ಹಿಂಬಡ್ತಿಯಿಲ್ಲ ಎಂದೆವು. ಐ-ಲೀಗ್ ಗೆದ್ದ ಪಂಜಾಬ್ ತಂಡ ಅದೇ ವರ್ಷ ಮೇಲಕ್ಕೆ ಬಂದಿತ್ತು. ಆದರೆ ಕೆಳಗಿಳಿದವರು ಯಾರೂ ಇರಲಿಲ್ಲ. ಬಾಗಿಲು ಒಳಬರುವುದಕ್ಕಷ್ಟೇ ತೆರೆದಿತ್ತು. "ಏನೂ ಆಗೋದಿಲ್ಲ ಕಾಕಾ, ಮುಂದಿನ ವರ್ಷ ಮತ್ತೆ ಆಡ್ತಾರೆ," ಎಂದು ಸಮಾಧಾನ ಹೇಳಿದೆವು. ಅವರು ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ.

ಕಾಕಾ ಅವರಿಗೂ ಈ ತಂಡಕ್ಕೂ ಇದ್ದ ನಂಟು ನಮ್ಮದಕ್ಕಿಂತ ಹಳೆಯದು. 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರಗಳು ಹೈದರಾಬಾದ್ ರಾಜ್ಯದಲ್ಲಿದ್ದವಷ್ಟೆ. ಕಾಕಾ ಹುಡುಗರಾಗಿದ್ದಾಗ ಅವರ ರಾಜಧಾನಿಯ ತಂಡವೆಂದರೆ ಹೈದರಾಬಾದ್ ಸಿಟಿ ಪೊಲೀಸ್. ಸೈಯದ್ ಅಬ್ದುಲ್ ರಹೀಮ್ ಎಂಬ ಶಾಲಾ ಮಾಸ್ತರರು ತರಬೇತುಗೊಳಿಸಿದ ಆ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ರಹೀಮರು ಪಾಠ ಹೇಳಿದ ಶಾಲೆಗಳಲ್ಲಿ ಕಾಚಿಗುಡದ ಮಾಧ್ಯಮಿಕ ಶಾಲೆಯೂ ಒಂದು. ಇದೇ ಕಾಚಿಗುಡ ನಮಗೆ ಕರ್ನಾಟಕ ಸಾಹಿತ್ಯ ಮಂದಿರದ ಕಾಚಿಗುಡ. ಕಾಕಾ ಈ ಕಥೆಗಳನ್ನು ತಮ್ಮ ತಂದೆಯ ಬಾಯಿಂದ ಕೇಳಿ ಬೆಳೆದವರು. ಹೈದರಾಬಾದ್ ರಾಜ್ಯ ಅಳಿದ ಕೆಲವೇ ವಾರಗಳಲ್ಲಿ, ರಹೀಮರು ಕಟ್ಟಿದ ಭಾರತ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಅದರಲ್ಲಿ ಹಲವರು ಹೈದರಾಬಾದಿನ ಹುಡುಗರು. ಆ ಹೊತ್ತಿಗೆ ಕಾಕಾ ಮೈಸೂರು ರಾಜ್ಯದ ಪ್ರಜೆಯಾಗಿದ್ದರು. ಮನೆಯಿಂದ ಒಂದು ಹೆಜ್ಜೆಯನ್ನೂ ಕದಲಿಸಿರಲಿಲ್ಲ.

ಹೀಗಾಗಿ 2022ರ ಅಕ್ಟೋಬರ್‌ನಲ್ಲಿ ಬೆಂಗಳೂರು ಎಫ್‌ಸಿ ಗಚ್ಚಿಬೌಲಿಗೆ ಬಂದಾಗ ನಮಗೆ ಉಂಟಾದ ಇಬ್ಬಂದಿ ಅವರಿಗೆ ಉಂಟಾಗಲಿಲ್ಲ. ನಾವು ಯಾರ ಕಡೆ ಕೂಗಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಕಾಕಾ ಮೊಮ್ಮಗಳು ಕೊಡಿಸಿದ ಹಳದಿ ಜೆರ್ಸಿಯನ್ನು ಬಿಳಿ ಅಂಗಿಯ ಮೇಲೆಯೇ ತೊಟ್ಟು ಬಂದಿದ್ದರು. ಕೇಳಿದ್ದಕ್ಕೆ, "ನಮ್ಮ ರಾಜಧಾನಿ ಮೊದಲು ಇದೇ ಇತ್ತಲ್ಲಪಾ. ಬೆಂಗಳೂರು ನಮಗ ಆಮ್ಯಾಲ ಬಂದದ್ದು," ಎಂದರು. ಒಗ್ಬೆಚೆಯ ಒಂದೇ ಗೋಲಿನಿಂದ ಹೈದರಾಬಾದ್ ಗೆದ್ದಿತು. ನಾವೂ ಕೂಗಿದೆವು, ಅಂದಿನಿಂದ ಇಬ್ಬಂದಿ ಉಳಿಯಲಿಲ್ಲ.

ಆ ಕಾಲದಲ್ಲಿ ತಂಡದ ಲಯವೇ ಹಾಗಿತ್ತು. ಸ್ಪೇನಿನ ಮನೋಲೊ ಮಾರ್ಕೆಸ್ ತರಬೇತುದಾರರಾಗಿದ್ದರು. ಚೆಂಡು ಕಾಲಿನಿಂದ ಕಾಲಿಗೆ ಅವಸರವಿಲ್ಲದೆ ಸಾಗುತ್ತಿತ್ತು; ಎಲ್ಲಿ ತೆರಪಾಗುವುದೆಂದು ಆಟಗಾರರಿಗೆ ಮೊದಲೇ ಗೊತ್ತಿದ್ದಂತೆ ತೋರುತ್ತಿತ್ತು. 2022ರ ಮಾರ್ಚ್ 20ರಂದು ಗೋವೆಯ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಫೈನಲ್ 1-1ರಲ್ಲಿ ಸಮವಾಗಿ, ಪೆನಾಲ್ಟಿಗಳಲ್ಲಿ ಹೈದರಾಬಾದ್ 3-1ರಿಂದ ಗೆದ್ದ ರಾತ್ರಿ ನಾವೆಲ್ಲ ಕಾಕಾ ಅವರ ಮನೆಯ ಟಿ.ವಿ.ಯ ಮುಂದೆ ಇದ್ದೆವು. ಮೂವರ ಒದೆತಗಳನ್ನು ತಡೆದ ಗೋಲ್‌ಕೀಪರ್ ಗೋವೆಯ ಲಕ್ಷ್ಮೀಕಾಂತ ಕಟ್ಟೀಮನಿ. ಉತ್ತರ ಕರ್ನಾಟಕದಲ್ಲಿ ಊರೂರಿಗೆ ಕೇಳುವ ಆ ಅಡ್ಡಹೆಸರನ್ನು ವೀಕ್ಷಕ ವಿವರಣೆಕಾರರು ಇಂಗ್ಲಿಷಿನಲ್ಲಿ ಎಳೆದೆಳೆದು ಕೂಗುವಾಗ ಕಾಕಾ ಪ್ರತಿ ಸಲವೂ ಉಚ್ಚಾರವನ್ನು ತಿದ್ದುತ್ತಿದ್ದರು.

ಗೆಲುವಿನ ಈ ಕಥೆಯಲ್ಲಿ ಮರೆಯಬಾರದ ಸಂಗತಿಯೊಂದಿದೆ. 2019-20ರಲ್ಲಿ, ತನ್ನ ಮೊದಲ ಋತುವಿನಲ್ಲಿ, ಈ ತಂಡ 18 ಪಂದ್ಯಗಳಲ್ಲಿ ಕೇವಲ ಎರಡನ್ನು ಗೆದ್ದು ಹತ್ತು ತಂಡಗಳಲ್ಲಿ ಹತ್ತನೆಯದಾಗಿತ್ತು. ಬೇರೆ ದೇಶದಲ್ಲಾಗಿದ್ದರೆ ಅಂದೇ ಇಳಿದುಹೋಗಬೇಕಿತ್ತು. ಹಿಂಬಡ್ತಿಯಿಲ್ಲದ್ದರಿಂದ ಉಳಿಯಿತು, ಉಳಿದದ್ದರಿಂದ ಎರಡು ವರ್ಷಗಳಲ್ಲಿ ಕಪ್ ಎತ್ತಿತು. ಯಾವ ನಿಯಮದ ನೆರಳಿನಲ್ಲಿ ನಾವು ಮುಂದೆ ಮೈಮರೆತೆವೋ ಅದೇ ನಿಯಮ ಮೊದಲು ನಮ್ಮನ್ನು ಕಾಪಾಡಿತ್ತು.

2023-24ರಲ್ಲಿ ಎಲ್ಲವೂ ಕಳಚಿತು. ಮಾರ್ಕೆಸ್ ಗೋವೆಗೆ ಹೋಗಿದ್ದರು. ವೇತನ ಬಾಕಿಯ ಸುದ್ದಿಗಳು ಬಂದವು. ಹೊಸ ಆಟಗಾರರನ್ನು ನೋಂದಾಯಿಸದಂತೆ ಫಿಫಾ ನಿರ್ಬಂಧ ವಿಧಿಸಿತು. ಋತುವಿನ ನಡುವೆ ವಿದೇಶಿ ಆಟಗಾರರು ಬಹುತೇಕ ಹೊರಟುಹೋದರು. ಜನವರಿಯ ಹೊತ್ತಿಗೆ ಬ್ರೆಜಿಲಿನ ಜೊವಾವ್ ವಿಕ್ಟರ್ ಉಳಿದಿದ್ದರು. ಹೆಸರುವಾಸಿ ಭಾರತೀಯರೂ ಒಬ್ಬೊಬ್ಬರಾಗಿ ಬೇರೆ ತಂಡ ಸೇರಿದರು. ಮೀಸಲು ತಂಡದ ಎಳೆಯರನ್ನು ಕಟ್ಟಿಕೊಂಡು ತಾಂಗ್‌ಬೊಯಿ ಸಿಂಗ್ಟೊ ಎಂಬ ತರಬೇತುದಾರರು ಪಂದ್ಯದಿಂದ ಪಂದ್ಯಕ್ಕೆ ದೂಡುತ್ತಿದ್ದರು.

ತಂಡವೊಂದು ಲಯ ತಪ್ಪುವುದು ಹೊರಗಿನಿಂದ ಹೇಗೆ ಕಾಣುತ್ತದೆಂಬುದನ್ನು ಅಲ್ಲಿ ಕಂಡೆವು. ಆ ಹುಡುಗರು ಕೆಟ್ಟದಾಗಿ ಆಡುತ್ತಿರಲಿಲ್ಲ. ಮೊದಲ ಅರ್ಧದಲ್ಲಿ ಎಷ್ಟೋ ಸಲ ಎದುರಾಳಿಯನ್ನು ತಡೆದು ನಿಲ್ಲಿಸುತ್ತಿದ್ದರು. ಆದರೆ ಚೆಂಡು ಸಿಕ್ಕ ಕೂಡಲೇ ದೂರ ಒದ್ದು ಕಳಿಸುವ ಅವಸರ ಅವರ ಕಾಲಿಗೆ ಬಂದಿತ್ತು. ಸಾಲ ಮಾಡಿದವನು ಬಾಗಿಲ ಸದ್ದಿಗೆ ಬೆಚ್ಚುವಂತೆ ಅವರು ಎದುರಾಳಿಯ ಪ್ರತಿ ಓಟಕ್ಕೂ ಹಿಂದೆ ಸರಿಯುತ್ತಿದ್ದರು. ಒಂದು ಗೋಲು ಬಿತ್ತೆಂದರೆ ತಲೆ ತಗ್ಗುತ್ತಿತ್ತು. ಕೊನೆಯಲ್ಲಿ 22 ಪಂದ್ಯಗಳಲ್ಲಿ ಒಂದು ಗೆಲುವು, ಐದು ಸಮ, ಹದಿನಾರು ಸೋಲು, ಎಂಟು ಅಂಕ. ಹನ್ನೆರಡರಲ್ಲಿ ಹನ್ನೆರಡನೆಯ ಸ್ಥಾನ. ಆ ಒಂದೇ ಗೆಲುವು ಮಾರ್ಚ್‌ನಲ್ಲಿ, ಚೆನ್ನೈಯಲ್ಲಿ, 1-0ರಿಂದ ಬಂದಿತ್ತು.

ಅದರ ಸುದ್ದಿ ನಮಗೆ ಕಾಕಾ ಅವರ ದೂರವಾಣಿಯಿಂದ ತಿಳಿಯಿತು. ಏಕೆಂದರೆ ಅಷ್ಟರೊಳಗೆ ನಾವು ಆಟ ನೋಡುವುದನ್ನು ಬಿಟ್ಟಿದ್ದೆವು. ಇದನ್ನು ಮರೆಮಾಚದೆ ಬರೆಯಬೇಕು. ಡಿಸೆಂಬರ್‌ವರೆಗೆ ಹೋದೆವು, ಆಮೇಲೆ ಒಬ್ಬರಿಗೆ ಕಚೇರಿಯ ಕೆಲಸ, ಒಬ್ಬರಿಗೆ ಮಕ್ಕಳ ಪರೀಕ್ಷೆ, ಎಲ್ಲರಿಗೂ ಕೊನೆಯ ಮೆಟ್ರೊ ತಪ್ಪೀತೆಂಬ ಭಯ. ಗೆಲ್ಲುತ್ತಿದ್ದ ಕಾಲದಲ್ಲಿ ಇದೇ ಮೆಟ್ರೊ, ಇದೇ ಕಚೇರಿ, ಇವೇ ಪರೀಕ್ಷೆಗಳಿದ್ದವು. ಒಳಗಿನ ಲೆಕ್ಕಾಚಾರ ಬೇರೆಯೇ ಇತ್ತು: ಸೋತರೂ ಏನೂ ಆಗದು, ಗೆದ್ದರೂ ಏನೂ ಆಗದು, ಮತ್ತೇಕೆ ಹೋಗಬೇಕು? ಕಾಕಾ ಮಾತ್ರ ಮೊಮ್ಮಗಳನ್ನು ಕರೆದುಕೊಂಡು ಇನ್ನೂ ಕೆಲವು ಪಂದ್ಯಗಳಿಗೆ ಹೋದರು. ನಮ್ಮನ್ನು ಕರೆಯುವುದನ್ನು ಅವರೇ ನಿಲ್ಲಿಸಿದರು. ಅದು ನಮಗೆ ಆಗ ಅನುಕೂಲವೆನಿಸಿತು.

ಅದೇ ಏಪ್ರಿಲ್‌ನಲ್ಲಿ ರಹೀಮರ ಜೀವನವನ್ನು ಆಧರಿಸಿದ ಹಿಂದಿ ಚಿತ್ರ 'ಮೈದಾನ್' ಬಿಡುಗಡೆಯಾಯಿತು. ನಾವು ನಾಲ್ಕೂ ಮನೆಯವರು ತಪ್ಪದೆ ಹೋಗಿ ನೋಡಿದೆವು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನಕ್ಕೆ ಕಣ್ಣೀರು ತಂದುಕೊಂಡೆವು. ಅರವತ್ತು ವರ್ಷದ ಹಿಂದಿನ ಗೆಲುವಿಗೆ ಚಿತ್ರಮಂದಿರಕ್ಕೆ ಹೋಗಲು ನಮಗೆ ಬಿಡುವಿತ್ತು.

ಮರುವರ್ಷ ಒಡೆತನ ಬದಲಾಯಿತು. 2024-25ರಲ್ಲಿ ಹದಿಮೂರು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ಕೊನೆಯದಲ್ಲವಲ್ಲ ಎಂದು ಸಮಾಧಾನಪಟ್ಟೆವು. 2025ರ ಅಕ್ಟೋಬರ್‌ನಲ್ಲಿ ಸುದ್ದಿ ಬಂತು: ಕ್ಲಬ್ಬು ದಿಲ್ಲಿಗೆ ಹೋಗಲಿದೆ, ಹೆಸರು ಸ್ಪೋರ್ಟಿಂಗ್ ಕ್ಲಬ್ ದಿಲ್ಲಿ. ಲೀಗಿನಲ್ಲಿ ಅದರ ಸ್ಥಾನಕ್ಕೆ ಕುಂದು ಬರಲಿಲ್ಲ. ದರ್ಜೆ ಉಳಿಯಿತು, ಊರು ಉಳಿಯಲಿಲ್ಲ.

ಆ ಭಾನುವಾರ ನಾವು ಏನನ್ನೂ ಓದಲಿಲ್ಲ. ಸಿಟ್ಟಿನ ಮಾತುಗಳಾದವು. ಆಗ ನಮ್ಮಲ್ಲೊಬ್ಬರು, ಪುಣೆಯಲ್ಲಿ ಕೆಲಕಾಲ ಇದ್ದವರು, ಮೆಲ್ಲಗೆ ನೆನಪಿಸಿದರು: ಈ ತಂಡ ನಮಗೆ ಬಂದದ್ದಾದರೂ ಎಲ್ಲಿಂದ? 2019ರಲ್ಲಿ ಪುಣೆ ಸಿಟಿ ಎಂಬ ಕ್ಲಬ್ಬು ಮುಚ್ಚಿದಾಗ ಅದರ ಜಾಗವೇ ಹೈದರಾಬಾದಿಗೆ ದೊರೆತದ್ದು. ಆಟಗಾರರಲ್ಲೂ ಹಲವರು ಅಲ್ಲಿಂದಲೇ ಬಂದವರು. ಬಾಲೇವಾಡಿಯ ಗ್ಯಾಲರಿಯಲ್ಲಿ ಕೂಗುತ್ತಿದ್ದವರ ಬಗ್ಗೆ ನಾವು ಅಂದು ಒಂದು ಕ್ಷಣವೂ ಯೋಚಿಸಿರಲಿಲ್ಲ. ಈಗ ದಿಲ್ಲಿಯವರು ನಮ್ಮ ಬಗ್ಗೆ ಯೋಚಿಸಬೇಕೆಂದು ಯಾವ ಮುಖದಿಂದ ಕೇಳುವುದು?

ಹಿಂಬಡ್ತಿಯನ್ನು ನಾವು ಶಿಕ್ಷೆಯೆಂದೇ ತಿಳಿದಿದ್ದೆವು. ಅದರ ಇನ್ನೊಂದು ಮುಖ ಈಗ ಕಾಣುತ್ತದೆ. 2024ರಲ್ಲಿ ಐ-ಲೀಗ್ 2 ಗೆದ್ದು ಮೇಲೆ ಬಂದ ಎಸ್‌ಸಿ ಬೆಂಗಳೂರು ಮರುವರ್ಷವೇ ಐ-ಲೀಗಿನಿಂದ ಕೆಳಗಿಳಿಯಿತು. ಅದು ಅವಮಾನವೇ. ಆದರೆ ಇಳಿದ ಮೆಟ್ಟಿಲು ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು; ಮತ್ತೆ ಹತ್ತುವ ದಾರಿಯೂ ಅದೇ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಮಿಲ್ಟನ್ ಕೀನ್ಸ್ ಎಂಬ ದೂರದ ಪಟ್ಟಣಕ್ಕೆ ಒಯ್ಯಲು ಅನುಮತಿ ದೊರೆತಾಗ, 2002ರಲ್ಲಿ ಅಲ್ಲಿನ ಅಭಿಮಾನಿಗಳು ತಮ್ಮದೇ ಹೊಸ ಕ್ಲಬ್ಬು ಕಟ್ಟಿ ಒಂಬತ್ತನೆಯ ದರ್ಜೆಯಿಂದ ಆಡಲಾರಂಭಿಸಿದರು. 2011ರ ಹೊತ್ತಿಗೆ ಮತ್ತೆ ವೃತ್ತಿಪರ ಲೀಗು ಸೇರಿದರು. ಏಣಿಯಿದ್ದಲ್ಲಿ ಬಿದ್ದವರಿಗೂ ನಿಲ್ಲಲು ಒಂದು ಮೆಟ್ಟಿಲಿರುತ್ತದೆ. ನಮ್ಮಲ್ಲಿ ಬೀಳುವುದನ್ನೇ ತಪ್ಪಿಸಿದ್ದರು. ಆದ್ದರಿಂದ ಎದ್ದುಹೋಗುವುದು ಸುಲಭವಾಯಿತು.

ಆದರೂ ದೋಷವನ್ನೆಲ್ಲ ನಿಯಮಕ್ಕೆ ಹೊರಿಸಿ ಕೈತೊಳೆದುಕೊಳ್ಳಲಾಗದು. ಎರಡು ಸಾವಿರ ಜನ ಹೆಚ್ಚಾಗಿ ಬಂದಿದ್ದರೆ ತಂಡ ಇಲ್ಲಿಯೇ ಉಳಿಯುತ್ತಿತ್ತೆಂದು ಹೇಳುವಷ್ಟು ನಾವು ಮುಗ್ಧರಲ್ಲ; ಲಕ್ಷಾಂತರ ರೂಪಾಯಿಗಳ ಲೆಕ್ಕ ಬೇರೆ. ಆದರೆ ಹೊರಟವರಿಗೆ ದಾಟಿಹೋಗಲು ಖಾಲಿ ಆಸನಗಳ ಸಾಲು ಸಿಕ್ಕಿತು. ಆ ಸಾಲಿನಲ್ಲಿ ನಮ್ಮ ನಾಲ್ಕು ಮನೆಗಳ ಆಸನಗಳೂ ಇದ್ದವು. ಹಿಂಬಡ್ತಿಯ ಭಯವಿದ್ದಿದ್ದರೆ ನಾವು ಕೊನೆಯ ಪಂದ್ಯದವರೆಗೂ ಹೋಗುತ್ತಿದ್ದೆವೇನೋ. ಭಯವಿಲ್ಲದಾಗಲೂ ಹೋದವರು ಕಾಕಾ ಒಬ್ಬರೇ.

ಮೊನ್ನೆ ಅವರ ಮೊಮ್ಮಗಳು ಕೇಳಿದಳು: "ಅಜ್ಜಾ, ಇನ್ಮ್ಯಾಲ ನಾವು ದಿಲ್ಲಿ ಕಡೆ ಕೂಗಬೇಕಾ?" ಕಾಕಾ ನಕ್ಕು, ಭಾನುವಾರ ಬೆಳಿಗ್ಗೆ ಸಿಕಂದರಾಬಾದಿನ ಮೈದಾನವೊಂದರಲ್ಲಿ ಸ್ಥಳೀಯ ಲೀಗಿನ ಪಂದ್ಯವಿದೆಯಂತೆ, ನೋಡಿ ಬರೋಣ ಎಂದರು. ಟಿಕೆಟ್ಟಿಲ್ಲ, ಗ್ಯಾಲರಿಯಿಲ್ಲ, ಮರದ ನೆರಳಿದೆ. ಆಡುವವರ ಹೆಸರು ಯಾರಿಗೂ ತಿಳಿಯದು. "ಅಲ್ಲಿ ಸೋತ್ರ ಏನಾಗ್ತದ?" ಎಂದು ಅವಳು ಕೇಳಿದಾಗ ಕಾಕಾ ನಮ್ಮ ಕಡೆ ನೋಡಿದರು.

ಈ ಸಲ ನಾವು ಉತ್ತರ ಹೇಳಲಿಲ್ಲ. ಎಷ್ಟು ಗಂಟೆಗೆ ಹೊರಡಬೇಕೆಂದಷ್ಟೇ ಕೇಳಿದೆವು.