ಗಂಟೆ ಎಷ್ಟಾಗಿತ್ತು ಅಮ್ಮಾ?

ರಾತ್ರಿ ಹೊತ್ತು ಪೊಲೀಸರು ಬಂದು ನಿಮ್ಮ ಮಗನನ್ನೋ ತಮ್ಮನನ್ನೋ ಕರೆದುಕೊಂಡು ಹೋದರೆ ನೀವು ಮೊದಲು ಏನು ಮಾಡುವಿರಿ? ಅಲ್ಲಾಹನು ಯಾರಿಗೂ ಅಂತಹ ರಾತ್ರಿಯನ್ನು ಕೊಡದಿರಲಿ. ಆದರೂ ಕೇಳುತ್ತಿದ್ದೇನೆ. ಏಕೆಂದರೆ 2011ರಲ್ಲಿ ಈ ಪ್ರಶ್ನೆ ನನ್ನ ಮುಂದೆ ಬಂದಾಗ ನಾನು ಕೊಟ್ಟ ಉತ್ತರ ತಪ್ಪಾಗಿತ್ತು.

ಚಾಮರಾಜಪೇಟೆಯಲ್ಲಿ ಈದ್ಗಾಹ್ ಮೈದಾನದಿಂದ ಸ್ವಲ್ಪ ದೂರದ ಓಣಿಯಲ್ಲಿ ನಮ್ಮ ಮನೆ. ಹಗಲು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಅಸರ್ ನಂತರ ಓಣಿಯ ಮಕ್ಕಳಿಗೆ ದೀನಿಯಾತ್ ಹೇಳಿಕೊಡುತ್ತಿದ್ದೆ. ಒಂದು ಮುಂಜಾನೆ ಫಜ್ರ್ ನಮಾಝ್ ಮುಗಿಸಿ ಮುಸಲ್ಲಾ ಮಡಚುತ್ತಿದ್ದಾಗ ಬಾಗಿಲು ಬಡಿಯಿತು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ. ಬುರ್ಖಾ ಕೂಡಾ ಸರಿಯಾಗಿ ಹಾಕಿಕೊಂಡಿರಲಿಲ್ಲ. "ಆಪಾ, ನಿನ್ನೆ ರಾತ್ರಿ ನನ್ನ ಮಗನನ್ನು ಕರೆದುಕೊಂಡು ಹೋದರು. ಇನ್ನೂ ಬಂದಿಲ್ಲ."

ಹುಡುಗನಿಗೆ ಹತ್ತೊಂಬತ್ತು. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸ. ಯಾವುದೋ ಬೈಕ್ ಕಳ್ಳತನದ ವಿಚಾರಣೆಯಂತೆ. ನಾನು ಏನೆಂದೆ ಗೊತ್ತೇ? "ಸಬರ್ ಮಾಡಿ. ತಪ್ಪು ಮಾಡಿಲ್ಲದಿದ್ದರೆ ಬಿಟ್ಟೇ ಬಿಡುತ್ತಾರೆ. ನಾವು ಗಲಾಟೆ ಮಾಡಿದರೆ ಅವನಿಗೇ ತೊಂದರೆ." ಸಬರ್ ಎಂಬ ಆ ದೊಡ್ಡ ಶಬ್ದವನ್ನು ನನ್ನ ಹೆದರಿಕೆ ಮುಚ್ಚಲು ಬಳಸಿಕೊಂಡೆ. ಮುತವಲ್ಲಿ ಸಾಹೇಬರು ಪರಿಚಯದ ಪುಢಾರಿಯೊಬ್ಬರಿಗೆ ಫೋನ್ ಮಾಡಿದರು. ಅವರು ಊರಲ್ಲಿರಲಿಲ್ಲ. ಇಂತಹ ಹೊತ್ತಿನಲ್ಲಿ ಅವರು ಊರಲ್ಲಿ ಇರುವುದೇ ಇಲ್ಲ ಬಿಡಿ!

ಶಾಲೆಗೆ ಹೋದಾಗ ನನ್ನ ಮುಖ ನೋಡಿ ವಿಚಾರಿಸಿದವರು ನಮ್ಮ ಕನ್ನಡ ಮೇಷ್ಟ್ರು. ಬಸವನಗುಡಿಯವರು, ನಿವೃತ್ತಿಗೆ ಹತ್ತಿರವಾಗಿದ್ದವರು. ವಿಷಯ ಕೇಳಿದವರೇ ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಒಂದು ನಂಬರಿಗೆ ಫೋನ್ ಮಾಡಿದರು. ಮುಕ್ಕಾಲು ಗಂಟೆಯೊಳಗೆ ಸ್ಕೂಟರ್ ಮೇಲೆ ಒಬ್ಬ ಯುವತಿ ಬಂದಳು. ಮಾನವ ಹಕ್ಕುಗಳ ವಕೀಲರ ಒಂದು ಗುಂಪಿನವಳು. ಅಳುತ್ತಿದ್ದ ಆ ತಾಯಿಯ ಎದುರು ಕುಳಿತು ಅವಳು ಕೇಳಿದ ಮೊದಲ ಪ್ರಶ್ನೆ: "ಗಂಟೆ ಎಷ್ಟಾಗಿತ್ತು ಅಮ್ಮಾ?"

ನನಗೆ ಸಿಟ್ಟು ಬಂತು. ಹೆತ್ತ ಕರುಳು ಉರಿಯುತ್ತಿರುವಾಗ ಗಂಟೆಯ ಲೆಕ್ಕವೇ?

"ಗಡಿಯಾರ ಎಲ್ಲಿ ನೋಡಲಿ ಮಗಳೇ? ಇಶಾ ಆಗಿತ್ತು. ಅವನು ಊಟಕ್ಕೆ ಕೂತಿದ್ದ" ಎಂದರು ತಾಯಿ. ಆ ಹುಡುಗಿ ನನ್ನತ್ತ ತಿರುಗಿ ಇಶಾ ಜಮಾಅತ್ ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಂಡಳು. ಆಮೇಲೆ ವಿವರಿಸಿದಳು: ಬಂಧಿಸಿದವರನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಆದರೆ ಬಂಧಿಸಿದ್ದೇವೆ ಎಂದು ಪುಸ್ತಕದಲ್ಲಿ ಬರೆಯದೇ ಹೋದರೆ? ಆಗ ಆ 24 ಗಂಟೆ ಶುರುವಾಗುವುದೇ ಇಲ್ಲ. ಹಾಗಾಗಿ ಗಡಿಯಾರವನ್ನು ನಾವೇ ಶುರು ಮಾಡಬೇಕು.

ಹೇಗೆ ಶುರು ಮಾಡಿದೆವು ಎಂದರೆ, ತಂತಿ ಕಳುಹಿಸಿ. ಟೆಲಿಗ್ರಾಂ! ಈಗಿನ ಮಕ್ಕಳಿಗೆ ಅದು ಗೊತ್ತಿರಲಿಕ್ಕಿಲ್ಲ, 2013ರ ಜುಲೈಯಲ್ಲಿ ಆ ಸೇವೆಯೇ ನಿಂತುಹೋಯಿತು. ಹುಡುಗನ ಹೆಸರು, ಎಲ್ಲಿಂದ, ಎಷ್ಟು ಗಂಟೆಗೆ ಕರೆದೊಯ್ದರು ಎಂಬುದನ್ನು ಬರೆದು ಪೊಲೀಸ್ ಕಮಿಷನರರಿಗೆ ಒಂದು, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು. ಕೌಂಟರಿನಲ್ಲಿದ್ದ ಹಿರಿಯರು ಪೆನ್ನಿನ ತುದಿಯಿಂದ ಒಂದೊಂದೇ ಪದ ಎಣಿಸಿ, ಮುದ್ರೆ ಒತ್ತಿ ರಸೀದಿ ಕೊಟ್ಟರು. ಮುದ್ರೆಯಲ್ಲಿ ದಿನಾಂಕ ಇತ್ತು, ಸಮಯ ಇತ್ತು. ಸರಕಾರದ ಕೈಯಿಂದಲೇ ಬಂದ ಸಾಕ್ಷಿ!

ಠಾಣೆಯಲ್ಲಿ ಬೆಳಗ್ಗಿನಿಂದಲೂ "ಅಂತಹ ಹುಡುಗ ಇಲ್ಲಿಲ್ಲ" ಎನ್ನುತ್ತಿದ್ದರು. ಆ ವಕೀಲೆ ದನಿ ಏರಿಸಲಿಲ್ಲ. ರಸೀದಿಯ ನಕಲನ್ನು ಮೇಜಿನ ಮೇಲಿಟ್ಟು, ಅದನ್ನು ಪಡೆದದ್ದಕ್ಕೆ ಸಹಿ ಕೇಳಿದಳು. ಸಹಿ ಸಿಗಲಿಲ್ಲ. ಆದರೆ ಮಗ್ರಿಬ್‌ಗೆ ಮುಂಚೆ ಹುಡುಗ ಮನೆಗೆ ಬಂದ. ಎರಡು ದಿನ ಅವನಿಗೆ ಚಪ್ಪಲಿ ಹಾಕಲು ಆಗಲಿಲ್ಲ. ಕಾಲಿನ ಅಡಿ ಅಷ್ಟು ಊದಿತ್ತು.

ಇದಾದ ಮೇಲೆ ನಾನು ಓದಲು ತೊಡಗಿದೆ. ಮದ್ರಸದಲ್ಲಿ ಫಿಕ್ಹ್ ಓದಿದ್ದೆ, ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದ್ದೆ. ಆದರೂ ಬಂಧಿಸುವಾಗ ಸಮಯ, ದಿನಾಂಕ ಬರೆದ ಮೆಮೋ ತಯಾರಿಸಬೇಕು, ಅದಕ್ಕೆ ಮನೆಯವರದ್ದೋ ಊರಿನ ಗೌರವಸ್ಥರದ್ದೋ ಸಾಕ್ಷಿ ಸಹಿ ಬೇಕು, ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣುವಂತಿರಬೇಕು ಎಂಬ ನಿಯಮಗಳು ಎಲ್ಲಿಂದ ಬಂದವೆಂದು ಗೊತ್ತಿರಲಿಲ್ಲ. ಅವು ಬಂದದ್ದು ಒಂದು ಪತ್ರದಿಂದ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಎಂಬವರು 1986ರಲ್ಲಿ ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಬರೆದ ಪತ್ರ. ಕೋರ್ಟು ಅದನ್ನೇ ಅರ್ಜಿಯಾಗಿ ಪರಿಗಣಿಸಿ 1996ರ ಡಿಸೆಂಬರಿನಲ್ಲಿ 11 ನಿರ್ದೇಶನಗಳನ್ನು ನೀಡಿತು. ಇನ್ನೊಂದು ಪತ್ರ ಒರಿಸ್ಸಾದ ತಾಯಿಯೊಬ್ಬಳದ್ದು. ನೀಲಾಬತಿ ಬೆಹೆರಾ ಎಂಬಾಕೆಯ 22ರ ಹರೆಯದ ಮಗನನ್ನು 1987ರ ಡಿಸೆಂಬರ್ 1ರಂದು ಪೊಲೀಸರು ಕರೆದೊಯ್ದರು, ಮರುದಿನ ರೈಲು ಹಳಿಯ ಮೇಲೆ ಶವ ಸಿಕ್ಕಿತು. ಆಕೆ ಪತ್ರ ಬರೆದಳು. 1993ರಲ್ಲಿ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೋರ್ಟು ಸರಕಾರಕ್ಕೆ ಆದೇಶಿಸಿತು. ಮಗನ ಬೆಲೆಯೇ ಅದು? ಅಲ್ಲ. ಆದರೆ ಹಕ್ಕು ಕಸಿದ ಸರಕಾರ ತನ್ನ ಕೈಯಿಂದಲೇ ದಂಡ ತೆರಬೇಕೆಂಬ ತತ್ವ ನೆಲೆಗೊಂಡದ್ದರಲ್ಲಿ ಆ ಪತ್ರಕ್ಕೆ ದೊಡ್ಡ ಪಾಲಿದೆ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, 24 ಗಂಟೆಯ ಮಿತಿ ಹಾಗೆಯೇ ಇದೆ.

ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೆಯೇ ಒಂದು ಸಂಗತಿ. ಪ್ರತಿ ವರ್ಷ ಮಕ್ಕಳಿಗೆ ನಾನು ಸೀರತ್ ಪಾಠದಲ್ಲಿ ಹಿಲ್ಫುಲ್ ಫುಝೂಲ್ ಬಗ್ಗೆ ಹೇಳುತ್ತಿದ್ದೆ. ಯಮನ್‌ನ ಝಬೀದಿನ ಒಬ್ಬ ವ್ಯಾಪಾರಿ ಮಕ್ಕಾದ ಪ್ರಮುಖನೊಬ್ಬನಿಗೆ ಸರಕು ಮಾರಿದ. ಹಣ ಸಿಗಲಿಲ್ಲ. ಪರಸ್ಥಳದವನ ಪರ ಯಾರು ನಿಲ್ಲುತ್ತಾರೆ? ಅವನು ಅಬೂ ಕುಬೈಸ್ ಬೆಟ್ಟ ಹತ್ತಿ ಕೂಗಿ ಹೇಳಿದ. ಆಗ ಕೆಲವು ಗೋತ್ರಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಮರ್ದಿತನು ಯಾರೇ ಆಗಿರಲಿ, ಅವನ ಹಕ್ಕು ಸಿಗುವ ತನಕ ಅವನ ಜೊತೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಪ್ರವಾದಿ ಮುಹಮ್ಮದ್(ಸ)ರು ಆಗ ಇಪ್ಪತ್ತರ ಆಸುಪಾಸಿನ ಯುವಕರು, ಅವರೂ ಅಲ್ಲಿದ್ದರು. ಪ್ರವಾದಿತ್ವ ದೊರೆತ ಬಳಿಕವೂ ಅಂತಹ ಒಪ್ಪಂದಕ್ಕೆ ಕರೆದರೆ ಓಗೊಡುವೆನೆಂದು ಅವರು ಹೇಳಿದ್ದರು. ಈ ಪಾಠವನ್ನು ನಾನು ಪರೀಕ್ಷೆಗೆ ಪ್ರಶ್ನೆಯಾಗಿ ಕೂಡಾ ಕೊಟ್ಟಿದ್ದೆ. ಆದರೆ ನನ್ನ ಬಾಗಿಲಿಗೆ ಬಂದ ಬೆಟ್ಟದ ಕೂಗು ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ಬಸವನಗುಡಿಯ ಮೇಷ್ಟ್ರಿಗೆ ಮತ್ತು ಸ್ಕೂಟರಿನ ಹುಡುಗಿಗೆ.

ಮೇಷ್ಟ್ರಿಗೆ ಅದು ಕೇಳಿಸುವಂತೆ ಮಾಡಿದ್ದು ತುರ್ತುಪರಿಸ್ಥಿತಿ. ಆಗ ಅವರು ವಿದ್ಯಾರ್ಥಿ. 1975ರ ಜೂನ್ 26ರಂದು ಅಡ್ವಾಣಿ, ವಾಜಪೇಯಿ, ಮಧು ದಂಡವತೆಯವರನ್ನು ಬಂಧಿಸಿದ್ದು ಇದೇ ಬೆಂಗಳೂರಿನಲ್ಲಿ. ಬಂಧನವನ್ನು ಪ್ರಶ್ನಿಸಲು ಅವಕಾಶವಿದೆ ಎಂದು ನಮ್ಮ ಹೈಕೋರ್ಟು ಸೇರಿ ಹಲವು ಹೈಕೋರ್ಟುಗಳು ಹೇಳಿದವು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಇಲ್ಲ ಎಂದಿತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನವಾಗಿ ನಿಂತವರು. ಬೆಂಗಳೂರು ಜೈಲಿನಲ್ಲಿದ್ದ ಉಬ್ಬಸ ರೋಗಿ, 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಜಮಾಅತೆ ಇಸ್ಲಾಮೀ ಹಿಂದ್ ಮತ್ತು ಆರೆಸ್ಸೆಸ್ ಎರಡೂ ನಿಷೇಧಗೊಂಡು ಎರಡರ ಕಾರ್ಯಕರ್ತರೂ ಜೈಲು ಸೇರಿದ್ದ ಕಾಲವದು. ಜಯಪ್ರಕಾಶ ನಾರಾಯಣರು ಪಿ.ಯು.ಸಿ.ಎಲ್. ಸ್ಥಾಪಿಸಿದ್ದು ಆಗಲೇ, 1976ರಲ್ಲಿ. ಆ ಹಳೆಯ ಜೈಲು ಇಂದು ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಧರಣಿ ಮಾಡಬೇಕಿದ್ದರೆ ಅಲ್ಲಿಗೇ ಹೋಗಬೇಕೆಂಬುದು ಈಗಿನ ನಿಯಮ. ಪ್ರತಿಭಟಿಸುವವರಿಗೆ ಸರಕಾರ ಕೊಟ್ಟ ಜಾಗ ಜೈಲೇ ಎಂದು ಮೇಷ್ಟ್ರು ನಗುತ್ತಾರೆ.

1976ರ ಆ ತೀರ್ಪನ್ನು ಕೊನೆಗೂ ಅಳಿಸಿದ್ದಕ್ಕೆ ಕಾರಣರಾದವರು ಕೂಡಾ ಬೆಂಗಳೂರಿನವರೇ. ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು, 1976ರ ತೀರ್ಪನ್ನೂ ತಳ್ಳಿಹಾಕಿದರು. ಹಳೆಯ ತೀರ್ಪಿನಲ್ಲಿ ಸಹಿ ಹಾಕಿದ್ದವರೊಬ್ಬರ ಮಗ, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಹೊಸದರಲ್ಲಿ ತಂದೆಯ ಮಾತನ್ನು ತಪ್ಪೆಂದು ಬರೆದರು. ಗೋಡೆ ಹತ್ತಿ ಮನೆಯೊಳಗೆ ಇಣುಕಿದ ಖಲೀಫಾ ಉಮರ್(ರ)ರಿಗೇ ಮನೆಯಾತ ತಪ್ಪು ತೋರಿಸಿದ, ಅವರು ಒಪ್ಪಿಕೊಂಡು ಹಿಂತಿರುಗಿದರು ಎಂಬ ವರದಿ ನಿಮಗೆ ನೆನಪಾಗಿರಬಹುದು. ಆಧಾರ್ ಮಾತ್ರ 2018ರಲ್ಲಿ ಬಹುಮಟ್ಟಿಗೆ ಉಳಿದುಕೊಂಡಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು.

ಇಂತಹ ಗುಂಪುಗಳು ಗೆದ್ದದ್ದೂ ಇದೆ, ಸೋತದ್ದೂ ಇದೆ. ಲೋಕಾಯುಕ್ತದ ಪೊಲೀಸ್ ಅಧಿಕಾರ ಕಿತ್ತು 2016ರಲ್ಲಿ ಸರಕಾರ ರಚಿಸಿದ್ದ ಎ.ಸಿ.ಬಿ.ಯನ್ನು ಹೈಕೋರ್ಟು 2022ರ ಆಗಸ್ಟ್ 11ರಂದು ರದ್ದು ಮಾಡಿತು. ಅರ್ಜಿದಾರರಲ್ಲಿ ಬೆಂಗಳೂರು ವಕೀಲರ ಸಂಘ ಮತ್ತು ಸಮಾಜ ಪರಿವರ್ತನ ಸಮುದಾಯ ಇದ್ದವು. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹೇರಿದ್ದ 144ನೇ ಸೆಕ್ಷನ್ ಕಾನೂನುಬಾಹಿರವೆಂದು 2020ರ ಫೆಬ್ರವರಿಯಲ್ಲಿ ತೀರ್ಪಾಯಿತು. ಆ ಡಿಸೆಂಬರ್ 19ರಂದು ಟೌನ್‌ಹಾಲ್ ಮುಂದೆ ಅರುವತ್ತು ದಾಟಿದ ನಮ್ಮ ಮೇಷ್ಟ್ರೂ ನಿಂತಿದ್ದರು. 2022ರಲ್ಲಿ ಹಿಜಾಬಿನ ಕಾರಣಕ್ಕೆ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ಉಳಿದಾಗ ಜಿಲ್ಲೆ ಜಿಲ್ಲೆ ಸುತ್ತಿ ಅವರ ಮಾತನ್ನು ದಾಖಲಿಸಿ ವರದಿ ತಂದದ್ದು ಪಿ.ಯು.ಸಿ.ಎಲ್.ನ ಕರ್ನಾಟಕ ಘಟಕ. ಗೇಟು ತೆರೆಸಲು ಅದರಿಂದ ಆಗಲಿಲ್ಲ. ಆದರೆ ಆ ಹುಡುಗಿಯರು ಏನು ಕಳೆದುಕೊಂಡರು ಎಂಬುದು ಬರಹದಲ್ಲಿ ಉಳಿಯಿತು.

ಒಂದು ಮಾತು ನೇರವಾಗಿ ಹೇಳಬೇಕು. ಈ ಗುಂಪುಗಳು ನಮಗೆ ಹಿಡಿಸದವರ ಪರವೂ ವಾದಿಸುತ್ತವೆ. ನಾನು ಒಪ್ಪದ ಎಷ್ಟೋ ವಿಷಯಗಳಲ್ಲಿ ಆ ವಕೀಲೆ ನನ್ನ ಎದುರು ಪಕ್ಷ. ನಮ್ಮವರಲ್ಲಿ ಕೆಲವರು ಇದೇ ಕಾರಣಕ್ಕೆ ಅವರನ್ನು ದೂರವಿಡುತ್ತಾರೆ, ಬೆಂಕಿ ಬಿದ್ದಾಗ ಮಾತ್ರ ನಂಬರು ಹುಡುಕುತ್ತಾರೆ. ನಮ್ಮ ಜಮಾಅತ್‌ಗಳು ಮದುವೆ ಹಾಲ್‌ಗಳಿಗೆ ಲಕ್ಷಗಟ್ಟಲೆ ಸುರಿಯುತ್ತವೆ. ಎಲ್.ಎಲ್.ಬಿ. ಓದುವ ಬಡ ಹುಡುಗಿಯ ಫೀಸಿಗೆ ಕೈ ಬಿಗಿಯಾಗುತ್ತದೆ. ಎಷ್ಟು ಮಹಿಳೆಯರಿಗೆ ಗೊತ್ತಿದೆ, ಆದಾಯ ಎಷ್ಟೇ ಇರಲಿ ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ ಎಂದು? ಅದರ ರಾಜ್ಯ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ, ಚಾಮರಾಜಪೇಟೆಯಿಂದ ಆಟೋದಲ್ಲಿ ಹೋದರೆ ಹತ್ತಿರವೇ. ಸಹಾಯವಾಣಿ 15100. ದಯವಿಟ್ಟು ಬರೆದಿಟ್ಟುಕೊಳ್ಳಿ.

ಆ ಹುಡುಗನ ವಿಷಯ ಅಲ್ಲಿಗೇ ಮುಗಿಯಲಿಲ್ಲ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡೋಣ, ಒಂದು ವರ್ಷದೊಳಗೆ ಕೊಡಬೇಕು ಎಂದು ವಕೀಲೆ ಮೂರು ಸಲ ಮನೆಗೆ ಬಂದಳು. ತಾಯಿ ಒಪ್ಪಲಿಲ್ಲ. "ಮಗ ಮನೆಗೆ ಬಂದನಲ್ಲ, ಸಾಕು. ನಾಳೆಯೂ ನಾವು ಇದೇ ಓಣಿಯಲ್ಲಿ ಇರಬೇಕು." ವಕೀಲೆ ನನ್ನತ್ತ ನೋಡಿದಳು. ಒತ್ತಾಯಿಸಲು ನನಗೆ ಬಾಯಿ ಬರಲಿಲ್ಲ. ಅವನ ಪಾದಗಳಿಗೆ ಯಾರೂ ಉತ್ತರ ಕೊಡಲಿಲ್ಲ. ಆ ವರ್ಷ ಕಳೆದೇ ಹೋಯಿತು. ತಂತಿಯ ರಸೀದಿ ಮಾತ್ರ ನನ್ನ ಸೀರತ್ ಪುಸ್ತಕದೊಳಗೆ ಈಗಲೂ ಇದೆ, ಶಾಯಿ ಮಾಸಿದೆ.

ಕೆಲವು ತಿಂಗಳ ಹಿಂದೆ ಅದೇ ತಾಯಿ ಮತ್ತೆ ಬಾಗಿಲು ಬಡಿದರು. ಈಗ ಕೂದಲು ಪೂರ್ತಿ ನೆರೆತಿದೆ. ಜೊತೆಯಲ್ಲಿ ಇನ್ನೊಬ್ಬಳು ಯುವತಿ, ಹಿಂದಿನ ಓಣಿಯವಳು, ಗಂಡನನ್ನು ರಾತ್ರಿ ಕರೆದೊಯ್ದಿದ್ದರು. ಆ ಯುವತಿಗೆ ಅಳುವಿನ ನಡುವೆ ಮಾತೇ ಹೊರಡುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಆ ತಾಯಿ ಅವಳ ಅಂಗೈಯನ್ನು ಬಿಡಿಸಿ ನನಗೆ ತೋರಿಸಿದರು. ನೀಲಿ ಪೆನ್ನಿನಲ್ಲಿ ಬರೆದಿತ್ತು: 10.40.

"ನಂಬರು ಕೊಡಿ ಆಪಾ" ಎಂದರು.