ಮೀನಾಕ್ಷಿಯ ಕುರಿತು ಕೆಲವು ಗೊಂದಲಗಳು

ಹೆದರಿದ ಗಿಳಿಯನ್ನು ಗುರುತಿಸುವುದು ಹೇಗೆ ಎಂದು ಈ ಆರೈಕೆ ಕೇಂದ್ರಕ್ಕೆ ಬರುವ ಸ್ವಯಂಸೇವಕರಿಗೆ ಮೊದಲೇ ಹೇಳಿಕೊಡುತ್ತಾರೆ. ಗರಿಗಳೆಲ್ಲ ಮೈಗಂಟಿ ಹಕ್ಕಿ ಸಪೂರವಾಗುತ್ತದೆ. ಕಣ್ಣಪಾಪೆ ಕುಗ್ಗಿ ಹಿಗ್ಗಿ ಆಡುತ್ತದೆ. ಕೈ ಹತ್ತಿರ ಹೋದರೆ ಕಿರುಚುತ್ತದೆ, ಕಚ್ಚುತ್ತದೆ, ಸರಳಿಗೆ ಬಡಿದುಕೊಳ್ಳುತ್ತದೆ. ಅರಣ್ಯ ಇಲಾಖೆಯವರು ತಂದುಕೊಟ್ಟ ಈ ಗಿಳಿ ಇದ್ಯಾವುದನ್ನೂ ಮಾಡಲಿಲ್ಲ. ಪುಟ್ಟ ಮರದ ಪೆಟ್ಟಿಗೆಯ ಬಾಗಿಲನ್ನು ಮೇಲಕ್ಕೆತ್ತಿದ ಕೂಡಲೇ ತಲೆ ತಗ್ಗಿಸಿ ಹೊರಗೆ ಬಂತು. ಮೇಜಿನ ಮೇಲಿದ್ದ ತೂಕದ ಚೀಟಿಯನ್ನು ಕೊಕ್ಕಿನಲ್ಲಿ ಎತ್ತಿ ನನ್ನ ಕಡೆ ಇಟ್ಟಿತು. ಸ್ವಲ್ಪ ಕಾಯಿತು. ಏನೂ ಸಿಗಲಿಲ್ಲವೆಂದು ಕಂಡಾಗ ತಾನೇ ತಿರುಗಿ ಪೆಟ್ಟಿಗೆಯೊಳಕ್ಕೆ ನಡೆಯಿತು.

"ಎಷ್ಟು ಸಾಧು!" ಅಂದೆ. ವೈದ್ಯರು "ಅದೇ ತೊಂದರೆ" ಅಂದರು.

*

ಗಿಣಿಶಾಸ್ತ್ರದ ಹಕ್ಕಿ. ದೇವಸ್ಥಾನದ ಬೀದಿಯಲ್ಲಿ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನ ಅರಳಿಮರದ ಬುಡದಲ್ಲಿ ಎಲ್ಲರೂ ಕಂಡದ್ದೇ. ಕರೆದರೆ ಹೊರಬಂದು, ಜೋಡಿಸಿಟ್ಟ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಎಸೆದು, ಕೊನೆಗೆ ಒಂದನ್ನು ಆರಿಸಿ ಕೊಡುತ್ತದೆ. ಕೂಲಿ ಒಂದು ಭತ್ತದ ಕಾಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ದೇಶದ ಯಾವ ಗಿಳಿಯನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಪಂಜರದಲ್ಲಿ ಸಾಕುವಂತಿಲ್ಲ. ದೇಶಿ ಹಕ್ಕಿಗಳ ವ್ಯಾಪಾರಕ್ಕೆ 1990–91ರಲ್ಲೇ ನಿಷೇಧ ಬಂದಿದೆ. ಆಫ್ರಿಕಾದ ಬೂದು ಗಿಳಿ, ಮಕಾವ್ ಮುಂತಾದ ಪರದೇಶದವುಗಳ ಕಾನೂನು ಬೇರೆ, ಅವನ್ನು ನೋಂದಾಯಿಸಿ ಸಾಕಬಹುದು. ಜನ ಎರಡನ್ನೂ ಕಲಸಿಕೊಂಡು "ಪಕ್ಕದ ಮನೆಯವರು ಸಾಕಿದ್ದಾರಲ್ಲ" ಎಂದು ವಾದಕ್ಕಿಳಿಯುತ್ತಾರೆ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ತಮಿಳುನಾಡಿನ ಕಡಲೂರಿನಲ್ಲಿ ಗಿಳಿಯೊಂದು ಅಭ್ಯರ್ಥಿಯೊಬ್ಬರಿಗೆ ಗೆಲುವಿನ ಕಾರ್ಡು ಎತ್ತಿಕೊಟ್ಟಿತು. ಅದರ ಹಿಂದೆಯೇ ಅರಣ್ಯ ಇಲಾಖೆಯವರು ಬಂದರು. ಅದೊಂದು ಗಿಳಿಗೆ ಕಾಣಲಿಲ್ಲ.

*

ರೆಕ್ಕೆ ಬಿಡಿಸಿ ನೋಡಿದೆವು. ಗಿಳಿಗೆ ಒಂದೊಂದು ರೆಕ್ಕೆಯಲ್ಲೂ ಹತ್ತು ದೊಡ್ಡ ಹಾರುಗರಿಗಳಿರುತ್ತವೆ. ಇದರ ಎರಡೂ ಕಡೆ ಕತ್ತರಿಯಾಡಿಸಿ ಮೋಟು ಮಾಡಿದ್ದಾರೆ. ಕಿತ್ತುಹೋದ ಗರಿಯ ಜಾಗದಲ್ಲಿ ಬೇಗ ಹೊಸದು ಹುಟ್ಟುತ್ತದೆ, ಕತ್ತರಿಸಿದ ಗರಿಯ ಬುಡ ಮಾತ್ರ ಮುಂದಿನ ಗರಿ ಉದುರುವ ಕಾಲದವರೆಗೂ ಅಲ್ಲೇ ಕೂತಿರುತ್ತದೆ. ಅಂದರೆ ತಿಂಗಳುಗಟ್ಟಲೆ ಕಾಯಬೇಕು. ಭತ್ತ ಬಿಟ್ಟು ಬೇರೆ ಕಾಣದ ಹೊಟ್ಟೆ, ಎ ವಿಟಮಿನ್ ಕೊರತೆ ಎದ್ದು ಕಾಣುತ್ತಿದೆ, ಇನ್ನಷ್ಟು ತಡವಾಗಬಹುದು ಎಂದರು. ಕೊರಳಲ್ಲಿ ಗುಲಾಬಿ ಉಂಗುರವಿಲ್ಲ. ಗಂಡಿಗಾದರೆ ಮೂರು ವರ್ಷದೊಳಗೆ ಬಂದಿರುತ್ತದೆ. ಎಳೆಯದಲ್ಲವಾದ್ದರಿಂದ ಹೆಣ್ಣೇ.

ಹೊಸ ಹಕ್ಕಿಯಿಂದ ಉಳಿದವಕ್ಕೆ ರೋಗ ತಗುಲದಿರಲೆಂದು ಕೆಲವು ವಾರ ಬೇರೆ ಕೋಣೆಯಲ್ಲಿ ಒಂಟಿಯಾಗಿ ಇಡುತ್ತಾರೆ. ಆ ಕೋಣೆಯ ಪಾಳಿ ನನಗೆ ಬಂತು.

*

ಪಂಜರದ ತಳಕ್ಕೆ ಹಾಸಿದ ಪೇಪರನ್ನು ನೋಡುತ್ತ ಕೂತೆ. ಬೆಳಿಗ್ಗೆ ಅವಳು ಕೆಳಗಿಳಿದು, ಹಾಳೆಯ ಅಂಚಿನಲ್ಲೇ ನಡೆದು, ಮಡಿಕೆ ಇರುವ ಮೂಲೆಯನ್ನು ಹುಡುಕುತ್ತಾಳೆ. ಕೆಳಕೊಕ್ಕನ್ನು ಅಡಿಗೆ ತೂರಿಸಿ ಎತ್ತುತ್ತಾಳೆ. ಹಾಳೆ ದೊಡ್ಡದು, ಬರುವುದಿಲ್ಲ. ಒಂದು ಕಾಲಿನಿಂದ ಒತ್ತಿ ಹಿಡಿದು ಹರಿಯುತ್ತಾಳೆ, ಅಂಗೈಯಗಲದ ತುಂಡು. ಅದನ್ನು ಬಾಗಿಲ ಸಂದಿಯಿಂದ ಹೊರಗೆ ತಳ್ಳಿ ನನ್ನ ಮುಖ ನೋಡುತ್ತಾಳೆ. ನಾನು ಸುಮ್ಮನಿದ್ದರೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲ ಬಳಿ ರಾಜಕೀಯ, ಕ್ರೀಡೆ, ಮದುವೆ ಜಾಹೀರಾತು ಎಲ್ಲ ಬಿದ್ದಿರುತ್ತವೆ.

ಇದನ್ನು ಏನೆಂದು ಬರೆದುಕೊಳ್ಳಲಿ? ಆಟವೇ, ದುಡಿಮೆಯೇ? ಗಿಳಿಗಳು ಹರಿದು ಚೂರು ಮಾಡುವುದನ್ನು ಇಷ್ಟಪಡುತ್ತವೆ, ಅದು ಸಹಜ. ಆದರೆ ತಾನು ಹರಿದದ್ದನ್ನು ಬೇರೆಯವರಿಗೆ ಒಪ್ಪಿಸಿ ಕಾಯುವುದು ಸಹಜವಲ್ಲ.

*

ರಾತ್ರಿ ಅವಳು ಕೆಮ್ಮುತ್ತಾಳೆ. ಗಿಳಿಗೆ ಕೆಮ್ಮೆಂದರೆ ಶ್ವಾಸಚೀಲಕ್ಕೆ ಬೂಷ್ಟು ತಗುಲಿರಬಹುದೆಂಬ ಅನುಮಾನ ಬರುತ್ತದೆ, ಸದರದ್ದಲ್ಲ. ಎಕ್ಸ್‌ರೇ ತೆಗೆದರು. ಏನೂ ಇಲ್ಲ. ಉಸಿರು ಸರಿ, ತೂಕ ಸರಿ, ಹಿಕ್ಕೆ ಸರಿ. ದೀಪ ಆರಿಸಿದ ಮೇಲೆ ಎರಡು ಉದ್ದ, ಒಂದು ಗಿಡ್ಡ ಕೆಮ್ಮು. ಆಮೇಲೆ ಯಾರಾದರೂ ಏನಾದರೂ ಅನ್ನಲಿ ಎಂಬಂತೆ ಮೌನ. ದಾಖಲೆ ಪುಸ್ತಕದಲ್ಲಿ ವೈದ್ಯರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಅವರ ಅಕ್ಷರದಲ್ಲಿ ನನಗೆ ಓದಲು ಬಂದದ್ದು ಅದೊಂದೇ.

*

ಒಂಟಿತನವನ್ನು ಅಳೆಯಲಾಗುತ್ತದೆಯೇ ಎಂದು ಹುಡುಕಿದೆ. ಅಳೆದಿದ್ದಾರೆ. 2014ರಲ್ಲಿ ವಿಯೆನ್ನಾದ ಸಂಶೋಧಕರು ಆಫ್ರಿಕಾದ ಬೂದು ಗಿಳಿಗಳ ರಕ್ತದಲ್ಲಿ ಟೆಲೊಮಿಯರ್ ನೋಡಿದರು. ಕ್ರೋಮೋಸೋಮಿನ ತುದಿಯಲ್ಲಿರುವ ಈ ಭಾಗ ವಯಸ್ಸಾದಂತೆ ಗಿಡ್ಡವಾಗುತ್ತದೆ. ಒಂಟಿಯಾಗಿ ಇಟ್ಟ ಒಂಬತ್ತು ವರ್ಷದ ಗಿಳಿಗಳಲ್ಲಿ ಅದರ ಉದ್ದ, ಜೋಡಿಯಾಗಿದ್ದು ಅವಕ್ಕಿಂತ 23 ವರ್ಷ ದೊಡ್ಡವಾದ ಗಿಳಿಗಳಷ್ಟೇ ಇತ್ತಂತೆ. ಓದಿ ಪಾಳಿಯ ಕೋಣೆಯ ಬಾಗಿಲು ನೋಡಿದೆ.

2023ರಲ್ಲಿ ಅಮೆರಿಕ ಮತ್ತು ಸ್ಕಾಟ್ಲೆಂಡಿನ ಇನ್ನೊಂದು ತಂಡ 18 ಸಾಕುಗಿಳಿಗಳಿಗೆ ಗಂಟೆ ಬಾರಿಸಿ ಟ್ಯಾಬ್ಲೆಟ್ಟಿನಲ್ಲಿ ಸ್ನೇಹಿತರನ್ನು ಆರಿಸಿ ವಿಡಿಯೊ ಕರೆ ಮಾಡುವುದನ್ನು ಕಲಿಸಿತು. ಮೊದಲು ನಗು ಬಂತು. ಆದರೆ ಗಿಳಿಗಳು ತಾವಾಗಿ ಮತ್ತೆ ಮತ್ತೆ ಕರೆ ಮಾಡಿದವು, ಹೆಚ್ಚು ಕರೆ ಮಾಡಿದವಕ್ಕೇ ಹೆಚ್ಚು ಕರೆ ಬಂದವು. ನನ್ನ ಅಮೆರಿಕದ ಸಂಬಂಧಿಕರ ವಿಷಯದಲ್ಲೂ ಇದು ನಿಜ.

*

ಪ್ರತ್ಯೇಕವಾಸ ಮುಗಿಯಿತು. ಪಂಜರವನ್ನು ಉಳಿದ ಗಿಳಿಗಳ ದೊಡ್ಡ ಗೂಡಿನ ಎದುರಿಗೆ ತಂದಿಟ್ಟೆವು. ಆಗ ನೋಡಿದೆ, ಪುಸ್ತಕದಲ್ಲಿರುವಂತೆ ಹೆದರಿದ ಗಿಳಿ. ಮೈ ಕಡ್ಡಿಯಾಯಿತು. ಎದೆಗರಿ ಅದುರಿತು. ಗಿಳಿಗಳಿಗೆ ಬೆನ್ನು ಹಾಕಿ, ನಮ್ಮ ಕಡೆಯ ಸರಳನ್ನು ಕೊಕ್ಕಿನಿಂದ ಕಚ್ಚಿ ಹಿಡಿದು ನಿಂತುಬಿಟ್ಟಳು. ಸಂಜೆ ಹೊರಗಿನ ಹಿಂಡು ತೆಂಗಿನ ಮರಗಳ ಮೇಲೆ ಕೂಗುತ್ತ ಹಾದುಹೋದಾಗ ಗೂಡಿನೊಳಗಿನವೆಲ್ಲ ಒಟ್ಟಿಗೆ ದನಿಗೂಡಿಸಿದವು. ಇವಳು ಹೋಗಿ ಕಾಳಿನ ಬಟ್ಟಲಲ್ಲಿ ಕೂತಳು.

ತನ್ನವರಿಗೆ ಹೆದರಿ ನಮ್ಮಲ್ಲಿಗೆ ಓಡಿಬರುವ ಈ ಹಕ್ಕಿಯಲ್ಲಿ ಯಾವ ಭಯವನ್ನು ವಾಸಿ ಮಾಡಬೇಕು, ಯಾವುದನ್ನು ಹೊಸದಾಗಿ ಕಲಿಸಬೇಕು? ವೈದ್ಯರ ಲೆಕ್ಕ ಸ್ಪಷ್ಟ. ಹಾರಿಬಿಡಬಹುದಾದ ಹಕ್ಕಿಗೆ ಮನುಷ್ಯರ ಮೇಲೆ ನಂಬಿಕೆ ಇರಬಾರದು, ಇದ್ದರೆ ಮೊದಲನೆಯ ಬಾಲ್ಕನಿಯಲ್ಲೇ ಇಳಿದು ಮತ್ತೆ ಪಂಜರ ಸೇರುತ್ತದೆ. ಎಂದೂ ಹಾರಲಾರದ ಹಕ್ಕಿಗಾದರೆ ನಮ್ಮ ಮೇಲೆ ನಂಬಿಕೆ ಬೇಕೇ ಬೇಕು, ದಿನಾ ನಾವೇ ಮುಟ್ಟಬೇಕಲ್ಲ. "ಇವಳು ಯಾವುದು?" ಕೇಳಿದೆ. "ಗರಿ ಬರಲಿ." ಅಲ್ಲಿಯವರೆಗೆ ಮಾತಾಡಿಸಬೇಡಿ, ಕೈ ಕೊಡಬೇಡಿ, ಚೀಟಿ ತೆಗೆದುಕೊಳ್ಳಬೇಡಿ. ಮುಖ ತಿರುಗಿಸಿಕೊಂಡು ಕೂರುವುದೇ ಇಲ್ಲಿ ಆರೈಕೆ. ಮನೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ.

*

ಗೇಟಿನ ಹತ್ತಿರ ಒಬ್ಬ ಮುದುಕ. ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ. ಒಳಗೆ ಬಿಡಲಿಲ್ಲ. "ಬುದ್ಧೀ, ತಗೊಂಡು ಹೋಗಕ್ಕೆ ಬಂದಿಲ್ಲ. ಉಂಡ್ಲಾ ಕೇಳಕ್ಕೆ ಬಂದೆ. ಅವಳು ಒಂದು ರಾತ್ರೀನೂ ಒಬ್ಳೇ ಮಲಗಿದೋಳಲ್ಲ. ನನ್ನ ದಿಂಬಿನ ಪಕ್ಕಾನೇ ಪೆಟ್ಟಿಗೆ ಇಕ್ಕೋತಿದ್ದೆ." ಹೆಸರೇನೆಂದು ಕೇಳಿದೆ. "ಮೀನಾಕ್ಷಿ." ಹೇಳಿ ಪಕ್ಕಕ್ಕೆ ತಿರುಗಿ ಕೆಮ್ಮಿದ. ಬೀಡಿ ಎದೆ. ಎರಡು ಉದ್ದ, ಒಂದು ಗಿಡ್ಡ.

ಒಳಗೆ ಹೋಗಿ ವೈದ್ಯರಿಗೆ ಹೇಳಿದೆ. ಅವರು ದಾಖಲೆ ಪುಸ್ತಕ ತೆಗೆದು ಪ್ರಶ್ನಾರ್ಥಕ ಚಿಹ್ನೆ ಹೊಡೆದುಹಾಕಿದರು.

ರೆಕ್ಕೆ ಕತ್ತರಿಸಿದವನೂ ಇವನೇ, ದಿಂಬಿನ ಪಕ್ಕ ಇಟ್ಟುಕೊಂಡವನೂ ಇವನೇ. ಇವನ ಮೇಲೆ ನನಗೆ ಬರಬೇಕಾದಷ್ಟು ಸಿಟ್ಟು ಬರಲಿಲ್ಲ. ಕಾನೂನಿನ ಕಡೆಯಿಂದ ನನಗೆ ಗೊಂದಲವಿಲ್ಲ, ಹಕ್ಕಿಯನ್ನು ತಂದದ್ದು ಸರಿ. ಆದರೆ ಅವಳು ಮೊದಲ ಬಾರಿಗೆ ಒಂಟಿಯಾದದ್ದು ಆ ಪೆಟ್ಟಿಗೆಯಲ್ಲಲ್ಲ, ನಮ್ಮ ಶುಭ್ರವಾದ ಕೋಣೆಯಲ್ಲಿ.

*

ಹೆಸರಿನ ಬಗ್ಗೆ. ವೆನೆಜುವೆಲಾದ ಒಂದು ಜಾತಿಯ ಪುಟ್ಟ ಗಿಳಿಗಳಲ್ಲಿ ಗೂಡಿನಲ್ಲಿರುವ ಮರಿ ತನ್ನದೇ ಆದ ಗುರುತಿನ ಕೂಗನ್ನು ಅಪ್ಪ ಅಮ್ಮನಿಂದ ಕಲಿಯುತ್ತದೆ ಎಂದು ಕಾರ್ಲ್ ಬರ್ಗ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಹೆಚ್ಚುಕಡಿಮೆ ನಾಮಕರಣವೇ. ಗಿಣಿಶಾಸ್ತ್ರಕ್ಕೆ ಬರುವವು ಕಣ್ಣು ಬಿಟ್ಟಿರುತ್ತವೋ ಇಲ್ಲವೋ ಎನ್ನುವಾಗಲೇ ಪೊಟರೆಯಿಂದ ಕಿತ್ತ ಮರಿಗಳು. ಬಾಣನ ಕಥೆಯಲ್ಲೂ, ಅದನ್ನು ಕನ್ನಡಕ್ಕೆ ತಂದ ನಾಗವರ್ಮನ 'ಕರ್ಣಾಟಕ ಕಾದಂಬರಿ'ಯಲ್ಲೂ ವೈಶಂಪಾಯನ ಗಿಳಿ ತನ್ನ ಬಾಳನ್ನು ಹೇಳಲು ಶುರುಮಾಡುವುದು ಇಲ್ಲಿಂದಲೇ. ಮುದಿ ಬೇಡನೊಬ್ಬ ಮರ ಹತ್ತಿ ಪೊಟರೆಗೆ ಕೈ ಹಾಕುತ್ತಾನೆ, ರೆಕ್ಕೆಯಡಿ ಮರಿಯನ್ನು ಮುಚ್ಚಿಕೊಂಡ ಅಪ್ಪ ಗಿಳಿ ಸಾಯುತ್ತದೆ. ತರಗೆಲೆಯ ಮೇಲೆ ಬಿದ್ದ ಮರಿಯನ್ನು ಋಷಿಕುಮಾರ ಎತ್ತಿಕೊಂಡು ಹೋಗಿ ನೀರು ಕುಡಿಸುತ್ತಾನೆ. ಕಾಲೇಜಿನಲ್ಲಿ ಓದುವಾಗ ನಮಗೆ ಅದು ಜನ್ಮಾಂತರದ ಪ್ರೇಮಕಥೆ ಮಾತ್ರವಾಗಿತ್ತು. ಬೇಡ ಪೊಟರೆಗೆ ಕೈ ಹಾಕುವ ಭಾಗ ಪರೀಕ್ಷೆಗೆ ಬರುತ್ತಿರಲಿಲ್ಲ.

*

ಇಲ್ಲಿ ಎಲ್ಲರೂ ಅಜ್ಜ ಎಂದು ಕರೆಯುವ ಗಿಳಿಯನ್ನು ಮೀನಾಕ್ಷಿಯ ಪಕ್ಕದ ಪಂಜರಕ್ಕೆ ತಂದರು. ಗಾಳಿಪಟದ ಮಾಂಜಾ ದಾರ ಸಿಕ್ಕಿ ಎಡರೆಕ್ಕೆಯ ಸ್ನಾಯು ಕತ್ತರಿಸಿಹೋದ ಗಂಡುಗಿಳಿ, ಒಂದು ಕಣ್ಣೂ ಇಲ್ಲ. ಇನ್ನು ಹಾರುವುದಿಲ್ಲ. ದೊಡ್ಡ ಗೂಡಿನ ಗದ್ದಲಕ್ಕಿಂತ ಇವನೊಬ್ಬನೇ ವಾಸಿ ಎಂಬ ಯೋಚನೆ. ಎರಡು ಪಂಜರಗಳ ನಡುವಿನ ಅಂತರ ಸ್ವಲ್ಪಸ್ವಲ್ಪವಾಗಿ ಕಡಿಮೆಯಾಗುತ್ತ ಬಂತು. ಅವಳು ಬೆನ್ನು ಹಾಕಿದರೆ ಹಿಂದಕ್ಕೆ ಸರಿಸುವುದು, ಊಟ ಮಾಡಿದರೆ ಹಾಗೇ ಬಿಡುವುದು.

ನಾನು ಕಾಯುತ್ತಿದ್ದುದು ಕ್ಯಾಲೆಂಡರ್ ಚಿತ್ರದ ಜೋಡಿಗಿಳಿಯನ್ನು, ಕೆನ್ನೆಗೆ ಕೆನ್ನೆ. ಹಾಗಾಗಲಿಲ್ಲ. ಈ ಜಾತಿಯ ಗಿಳಿಗಳು ಅಂಟಿಕೊಂಡು ಕೂರುವವಲ್ಲ, ಜೋಡಿಯ ನಡುವೆಯೂ ಗೇಣು ಜಾಗ ಇರಬೇಕು, ಹೆಣ್ಣಿನದೇ ದರ್ಬಾರು ಎಂದು ಆಮೇಲೆ ತಿಳಿಯಿತು. ಹೊರಗಿನಿಂದ ನೋಡುವವರಿಗೆ ಮುನಿಸು ಯಾವುದು, ಸಂಸಾರ ಯಾವುದು ಗೊತ್ತಾಗುವುದಿಲ್ಲ.

ಗೊತ್ತಾದದ್ದು ಹಸಿಮೆಣಸಿನಕಾಯಿಯಿಂದ. ಮೆಣಸು ತಿಂದರೆ ಗಿಳಿಯ ನಾಲಿಗೆ ತಿರುಗುತ್ತದೆ ಎಂಬ ನಮ್ಮ ಹಳೆಯ ನಂಬಿಕೆಯಲ್ಲಿ ಹುರುಳಿಲ್ಲ, ಆದರೆ ಹಕ್ಕಿಗಳಿಗೆ ಖಾರ ತಾಗುವುದೇ ಇಲ್ಲವೆಂಬುದು ನಿಜ. ಅಜ್ಜ ಮೆಣಸಿನಕಾಯಿಯನ್ನು ಕಾಲಲ್ಲಿ ಹಿಡಿದು ತುದಿ ಮುರಿದು ಬೀಜ ಸೋಸುತ್ತಿದ್ದ. ಮೀನಾಕ್ಷಿ ಭತ್ತ ಬಿಟ್ಟು ಏನನ್ನೂ ಆಹಾರವೆಂದು ಒಪ್ಪಿರಲಿಲ್ಲ. ಅವನ ಕಾಲನ್ನೇ ನೋಡಿದಳು. ಕತ್ತು ವಾರೆ ಮಾಡಿ ಮತ್ತೆ ನೋಡಿದಳು. ಮರುದಿನ ತನ್ನ ಬಟ್ಟಲಿನ ಮೆಣಸಿನಕಾಯಿಯನ್ನು ಎತ್ತಿದಳು, ಕೊಕ್ಕಿನಲ್ಲಲ್ಲ, ಕಾಲಲ್ಲಿ. ಮುಂದೆ ಎರಡು, ಹಿಂದೆ ಎರಡು ಬೆರಳಿರುವ ಆ ಕಾಲನ್ನು ಅವಳು ಅಷ್ಟು ದಿನ ಹಾಳೆ ಒತ್ತಿ ಹಿಡಿಯಲು ಮಾತ್ರ ಬಳಸಿದ್ದಳು.

*

ರಾತ್ರಿ ದೀಪ ಆರಿಸಿದ ಮೇಲೆ ಈಗ ಕೆಮ್ಮು ಎರಡು ಪಂಜರಗಳಿಂದ ಕೇಳುತ್ತದೆ. ಅಜ್ಜನದು ಸ್ವಲ್ಪ ಒರಟು. ಬಜರಿಗಾರ್ ಗಿಳಿಗಳಲ್ಲಿ ಜೋಡಿಯಾದ ಗಂಡು ಹೆಣ್ಣಿನ ಕೂಗನ್ನು ಅನುಕರಿಸುತ್ತದೆ ಎಂದು ಸಂಶೋಧಕರು ಬರೆದದ್ದುಂಟು. ಬೀಡಿಯ ಕೆಮ್ಮನ್ನು ಅನುಕರಿಸುತ್ತದೆ ಎಂದು ಯಾರೂ ಬರೆದಂತಿಲ್ಲ.

*

ಬಲರೆಕ್ಕೆಯ ಮಧ್ಯದಲ್ಲಿ ಹೊಸ ಗರಿ. ಇನ್ನೂ ಪೊರೆ ಬಿಟ್ಟಿಲ್ಲ, ಒಳಗೆ ರಕ್ತ ಕಾಣುತ್ತದೆ, ಮುರಿದರೆ ಅಪಾಯ. ಬಟ್ಟಲು ತೆಗೆಯಲು ಕೈ ಹಾಕಿದೆ. ಮೀನಾಕ್ಷಿ ಮೈ ಸಪೂರ ಮಾಡಿ, ಪಾಪೆ ಕುಗ್ಗಿಸಿ, ಹೆಬ್ಬೆರಳಿನ ಬುಡಕ್ಕೆ ಕಚ್ಚಿ ಬಿಡದೆ ಹಿಡಿದಳು. ರಕ್ತ ತೊಟ್ಟಿಕ್ಕಿತು. ವೈದ್ಯರು ಓಡಿಬಂದವರು ನನ್ನ ಕೈ ನೋಡುವ ಮೊದಲು ಅವಳನ್ನು ನೋಡಿ, "ಕಚ್ಚಿದಳಾ? ನಿಜವಾಗಿ? ಭೇಷ್!" ಅಂದರು. ಅಡುಗೆಮನೆಯ ಅಕ್ಕನನ್ನೂ ಕರೆದು ಹೇಳಿದರು. ಎಲ್ಲರಿಗೂ ಬಹಳ ಸಂತೋಷ. ನಾನು ನಲ್ಲಿಯ ಕೆಳಗೆ ಕೈಯಿಟ್ಟುಕೊಂಡು ನಿಂತಿದ್ದೆ.

ಆಗಲೇ ಕೇಳಿದೆ: ಗರಿಯೆಲ್ಲ ಬಂದರೆ ಅವಳು ಹಾರುತ್ತಾಳೆ. ಅಜ್ಜ ಹಾರುವುದಿಲ್ಲ. ಇಬ್ಬರನ್ನೂ ಜೊತೆ ಮಾಡಿದವರು ನಾವು. ಆ ದಿನ ಬಾಗಿಲು ತೆಗೆದು ಏನು ಮಾಡುತ್ತೇವೆ? ಅವಳನ್ನು ಕಳಿಸಿ ಅವನನ್ನು ಮತ್ತೆ ಒಂಟಿ ಮಾಡುತ್ತೇವೋ, ಅವನಿಗಾಗಿ ಅವಳನ್ನು ಉಳಿಸಿಕೊಳ್ಳುತ್ತೇವೋ?

"ಮೊದಲು ಹೋಗಿ ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಳ್ಳಿ" ಅಂದರು ವೈದ್ಯರು.